ಪಾಠ ಮಾಡುವವರು ಪಾಠ ಕಟ್ಟುವ ಕೆಲಸಕ್ಕೆ ಹೋಗುವುದು ಹೇಗೆ

ಬ್ಯಾಂಕೊಂದು ತನ್ನ ಶಾಖೆಗಳ ಸಿಬ್ಬಂದಿಗೆ ಕಳುಹಿಸುವ ಅರ್ಧ ಗಂಟೆಯ ಆನ್‌ಲೈನ್ ತರಬೇತಿ, ಕಾರ್ಖಾನೆಯೊಂದು ಹೊಸ ಕೆಲಸಗಾರರಿಗೆ ಮೊದಲ ದಿನ ತೋರಿಸುವ ಸುರಕ್ಷತಾ ಪಾಠ, ಸರ್ಕಾರಿ ಶಾಲೆಗಳ ಶಿಕ್ಷಕರು ದೀಕ್ಷಾ ವೇದಿಕೆಯಲ್ಲಿ ಮುಗಿಸುವ ನಿಷ್ಠಾ ಕೋರ್ಸು, ಇವೆಲ್ಲದರ ಹಿಂದೆಯೂ ಯಾರೋ ಒಬ್ಬರು ಕುಳಿತು, ಯಾರಿಗೆ ಕಲಿಸಬೇಕು, ಕಲಿತ ಮೇಲೆ ಅವರು ಏನು ಮಾಡಬಲ್ಲವರಾಗಬೇಕು, ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಹೇಳದೆಯೇ ಬಿಡಬೇಕು, ಎಷ್ಟು ಅಭ್ಯಾಸ ಕೊಡಬೇಕು ಎಂಬುದನ್ನು ನಿರ್ಧರಿಸಿರುತ್ತಾರೆ. ಇನ್‌ಸ್ಟ್ರಕ್ಷನಲ್ ಡಿಸೈನರ್ ಎಂಬ ಹುದ್ದೆಯ ಕೆಲಸ ಇದು. ಬೆಂಗಳೂರು, ಮೈಸೂರುಗಳಲ್ಲಿ ಈ ಕೆಲಸ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆಯುತ್ತಿದ್ದು, ಶಾಲೆ ಕಾಲೇಜುಗಳಲ್ಲಿ ಪಾಠ ಮಾಡಿ ಇತ್ತ ಬಂದವರು ಇಲ್ಲಿ ಕಡಿಮೆಯೇನಿಲ್ಲ. ಅದೇ ದಾರಿಯಲ್ಲಿ ಹೊರಡುವ ಯೋಚನೆಯಲ್ಲಿರುವ ಶಿಕ್ಷಕರು ಏನನ್ನು ಜೊತೆಗೆ ಒಯ್ಯಬಹುದು, ಏನನ್ನು ಹೊಸದಾಗಿ ಕಲಿಯಬೇಕು, ಯಾವ ಕ್ರಮದಲ್ಲಿ ಸಿದ್ಧರಾಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತರಗತಿಯಲ್ಲಿ ಪಾಠ ಮಾಡುವವರಿಗೆ ಒಂದು ದೊಡ್ಡ ಅನುಕೂಲವಿರುತ್ತದೆ. ಮೂರನೆಯ ಬೆಂಚಿನ ಹುಡುಗಿಯ ಹುಬ್ಬು ಗಂಟಾದದ್ದು ಕಂಡೊಡನೆ ಮಾತು ನಿಲ್ಲುತ್ತದೆ, ಉದಾಹರಣೆ ಬದಲಾಗುತ್ತದೆ, ಬೇಕಾದರೆ ಬೋರ್ಡನ್ನೇ ಒರೆಸಿ ಮತ್ತೆ ಮೊದಲಿನಿಂದ ಆರಂಭಿಸಬಹುದು. ಪಾಠ ಕಟ್ಟುವವರ ಎದುರಿಗೆ ಕಲಿಯುವವರೇ ಇರುವುದಿಲ್ಲ. ಅವರು ಇನ್ನಾರು ತಿಂಗಳ ಬಳಿಕ, ಇನ್ನೊಂದು ಊರಿನಲ್ಲಿ, ಬಸ್ಸಿನಲ್ಲೋ ಕಚೇರಿಯ ಊಟದ ಬಿಡುವಿನಲ್ಲೋ ಮೊಬೈಲು ತೆರೆದು ಅದನ್ನು ನೋಡುತ್ತಾರೆ. ಅವರಿಗೆ ಎಲ್ಲಿ ಅರ್ಥವಾಗದೆ ಹೋಗುತ್ತದೆ, ಎಲ್ಲಿ ತಪ್ಪು ತಿಳಿಯುತ್ತಾರೆ, ಎಲ್ಲಿ ಬೇಸತ್ತು ಮುಚ್ಚಿಬಿಡುತ್ತಾರೆ ಎಂಬುದನ್ನು ಮುಂಚಿತವಾಗಿಯೇ ಊಹಿಸಿ, ಆ ಜಾಗದಲ್ಲಿ ತಕ್ಕ ವಿವರಣೆಯನ್ನೋ ಪ್ರಶ್ನೆಯನ್ನೋ ಇಟ್ಟಿರಬೇಕು. ವರ್ಷಾನುಗಟ್ಟಲೆ ಮಕ್ಕಳ ತಪ್ಪುಗಳನ್ನು ಕಣ್ಣಾರೆ ಕಂಡ ಶಿಕ್ಷಕರಿಗೆ ಈ ಊಹೆ ಬೇರೆಯವರಿಗಿಂತ ಸುಲಭವಾಗಿ ಸಿದ್ಧಿಸುತ್ತದೆ. ಚೆನ್ನಾಗಿ ವಿವರಿಸುವ ಕಲೆಗಿಂತ, ಒಳ್ಳೆಯ ಕಂಠಕ್ಕಿಂತ, ಈ ಹೊಸ ವೃತ್ತಿಯಲ್ಲಿ ಬೆಲೆ ಬರುವುದು ಆ ತಿಳಿವಳಿಕೆಗೆ.

ಇದು ನಮ್ಮ ಶಿಕ್ಷಕರಿಗೆ ತೀರ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯನ್ನೇ ನೋಡಿ. ಪಠ್ಯವನ್ನು ಮೈಲಿಗಲ್ಲುಗಳಾಗಿ ಒಡೆದು, ಪ್ರತಿಯೊಂದು ಚಟುವಟಿಕೆಗೂ ಕಾರ್ಡು ಮಾಡಿ, ಕಲಿಕಾ ಏಣಿಯ ಮೇಲೆ ಪ್ರತಿ ಮಗು ತಾನೆಲ್ಲಿದ್ದೇನೆಂದು ತಾನೇ ಗುರುತಿಸಿಕೊಳ್ಳುವಂತೆ ಮಾಡಿ, ಶಿಕ್ಷಕರ ಪೂರ್ಣ ನೆರವಿನಿಂದ ಹಿಡಿದು ಸ್ವಯಂ ಕಲಿಕೆಯವರೆಗೆ ಮಕ್ಕಳನ್ನು ತಟ್ಟೆಗಳೆಂದು ಕರೆಯುವ ಬೇರೆ ಬೇರೆ ಗುಂಪುಗಳಲ್ಲಿ ಕೂರಿಸುವ ಆ ವ್ಯವಸ್ಥೆ, ಶಿಕ್ಷಕರ ಮಾತು ಇಲ್ಲದ ಕ್ಷಣದಲ್ಲೂ ಕಲಿಕೆ ಮುಂದುವರಿಯಬೇಕೆಂಬ ಲೆಕ್ಕಾಚಾರದ ಮೇಲೆಯೇ ನಿಂತಿದೆ. ಆ ಕಾರ್ಡುಗಳ ತಯಾರಿಯಲ್ಲಿ ಶಿಕ್ಷಕರೇ ಕೈಹಾಕಿದ್ದರು. ಕೊರೋನಾದ ನಂತರ 2022-23ರಲ್ಲಿ ಬಂದ ಕಲಿಕಾ ಚೇತರಿಕೆಯ ಹಾಳೆಗಳೂ ಇದೇ ಜಾತಿಯ ಕೆಲಸ. ಇಂಥ ಯಾವುದೇ ಸಾಹಿತ್ಯ ರಚನೆಯಲ್ಲಿ ಭಾಗವಹಿಸಿದ್ದರೆ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ ತರಬೇತಿ ಮಾಡ್ಯೂಲ್ ಬರೆದಿದ್ದರೆ, ಅದನ್ನು ಅರ್ಜಿಯ ಕೊನೆಯ ಸಾಲಿನಲ್ಲಿ ಹುದುಗಿಸದೆ ಮೊದಲಿಗೇ ತರಬೇಕು.

ಕೆಲಸದ ಹೆಸರುಗಳನ್ನು ಓದುವ ಬಗೆ

ಉದ್ಯೋಗದ ಜಾಲತಾಣಗಳಲ್ಲಿ ಈ ಕ್ಷೇತ್ರದ ಹುದ್ದೆಗಳು ಹಲವು ಹೆಸರುಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇನ್‌ಸ್ಟ್ರಕ್ಷನಲ್ ಡಿಸೈನರ್, ಲರ್ನಿಂಗ್ ಡಿಸೈನರ್, ಲರ್ನಿಂಗ್ ಎಕ್ಸ್‌ಪೀರಿಯನ್ಸ್ ಡಿಸೈನರ್ ಎಂಬ ಮೂರೂ ಬಹುಪಾಲು ಒಂದೇ ಕೆಲಸ. ಕಂಟೆಂಟ್ ಡೆವಲಪರ್ ಎಂದರೆ ಕೆಲವು ಕಡೆ ಇದೇ ಕೆಲಸ, ಕೆಲವು ಕಡೆ ದಿನಕ್ಕಿಷ್ಟು ಎಂಬ ಲೆಕ್ಕದಲ್ಲಿ ಪ್ರಶ್ನೆಗಳನ್ನು ಬರೆಯುವ ಕೆಲಸ. ವಿಷಯ ತಜ್ಞರ ಹುದ್ದೆಯಲ್ಲಿ ನಿಮ್ಮ ಗಣಿತ ಅಥವಾ ಜೀವಶಾಸ್ತ್ರದ ಜ್ಞಾನವನ್ನು ಮಾತ್ರ ಬಳಸಿಕೊಳ್ಳಲಾಗುತ್ತದೆ, ಪಾಠದ ವಿನ್ಯಾಸ ಬೇರೆಯವರದ್ದಾಗಿರುತ್ತದೆ. ಅಕಾಡೆಮಿಕ್ ಕೌನ್ಸೆಲರ್ ಎಂಬ ಹುದ್ದೆಯ ವಿವರಣೆಯಲ್ಲಿ ತಿಂಗಳ ಗುರಿ, ಪ್ರೋತ್ಸಾಹಧನ, ಪೋಷಕರಿಗೆ ಕರೆ ಎಂಬ ಮಾತುಗಳು ಕಂಡರೆ ಅದು ಕೋರ್ಸು ಮಾರುವ ಕೆಲಸ ಎಂದು ತಿಳಿಯಬೇಕು. ಶಿಕ್ಷಕರು ಬೇಕೆಂದು ಕರೆದ ಮಾತ್ರಕ್ಕೆ ಅದು ಶಿಕ್ಷಣದ ಕೆಲಸವಾಗುವುದಿಲ್ಲ.

ಕೆಲಸ ಕೊಡುವವರಲ್ಲಿಯೂ ಸ್ಥೂಲವಾಗಿ ನಾಲ್ಕು ಬಗೆಯವರಿದ್ದಾರೆ. ಬೇರೆ ಕಂಪನಿಗಳಿಗಾಗಿ ತರಬೇತಿ ಕೋರ್ಸುಗಳನ್ನು ತಯಾರಿಸಿಕೊಡುವ ಸಂಸ್ಥೆಗಳಲ್ಲಿ ಕೆಲಸದ ಒತ್ತಡ ಹೆಚ್ಚು, ಆದರೆ ಒಂದೇ ವರ್ಷದಲ್ಲಿ ವಿಮೆ, ಔಷಧ, ಸಾಫ್ಟ್‌ವೇರ್ ಎಂದು ಹತ್ತು ವಿಷಯಗಳ ಪಾಠ ಕಟ್ಟುವ ಅಭ್ಯಾಸ ದೊರೆಯುತ್ತದೆ. ದೊಡ್ಡ ಕಂಪನಿಗಳ ಒಳಗಿನ ತರಬೇತಿ ವಿಭಾಗಗಳಲ್ಲಿ ಸಂಬಳ ಮತ್ತು ಸ್ಥಿರತೆ ಸಾಮಾನ್ಯವಾಗಿ ಉತ್ತಮವಾಗಿದ್ದರೂ ಅನುಭವವಿಲ್ಲದವರಿಗೆ ಪ್ರವೇಶ ಕಷ್ಟ. ಶಾಲಾ ಪಠ್ಯವನ್ನು ಡಿಜಿಟಲ್ ರೂಪಕ್ಕೆ ತರುವ ಕಂಪನಿಗಳು ಶಿಕ್ಷಕರನ್ನು ಬೇಗ ತೆಗೆದುಕೊಳ್ಳುತ್ತವೆ, ಆದರೆ 2022ರಿಂದೀಚೆಗೆ ಆ ವಲಯದಲ್ಲಿ ನಡೆದ ಉದ್ಯೋಗ ಕಡಿತವನ್ನು ನೋಡಿದವರು ಅಲ್ಲಿನ ಸಂಬಳದ ಪತ್ರವನ್ನು ಮಾತ್ರ ನೋಡಿ ಕಾಯಂ ಕೆಲಸ ಬಿಡಲಾರರು. ಕೊನೆಯದು ಶಿಕ್ಷಣ, ಆರೋಗ್ಯ, ಕೌಶಲ ತರಬೇತಿಗಳಲ್ಲಿ ತೊಡಗಿರುವ ಸೇವಾ ಸಂಸ್ಥೆಗಳು ಮತ್ತು ವಿಶ್ವವಿದ್ಯಾಲಯಗಳ ದೂರಶಿಕ್ಷಣ ವಿಭಾಗಗಳು. ಕನ್ನಡದಲ್ಲಿ ಬರೆಯಬಲ್ಲವರಿಗೆ ನಿಜವಾದ ಬೇಡಿಕೆ ಇರುವುದು ಇಲ್ಲಿಯೇ.

ಕನ್ನಡ ಮಾಧ್ಯಮದ ಶಿಕ್ಷಕರು ಕೇಳುವ ಮೊದಲ ಪ್ರಶ್ನೆ ಇಂಗ್ಲಿಷಿನದು. ಕಾರ್ಪೊರೇಟ್ ತರಬೇತಿಯ ಬಹುಪಾಲು ಬರವಣಿಗೆ ಇಂಗ್ಲಿಷಿನಲ್ಲೇ ನಡೆಯುತ್ತದೆ, ಆದ್ದರಿಂದ ಸರಳವಾದ, ತಪ್ಪಿಲ್ಲದ ಇಂಗ್ಲಿಷ್ ಬರೆಯಲು ಬಾರದೆ ಆ ಬಾಗಿಲು ತೆರೆಯುವುದಿಲ್ಲ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಅಲಂಕಾರದ ಇಂಗ್ಲಿಷ್ ಬೇಕಿಲ್ಲ. ಚಿಕ್ಕ ವಾಕ್ಯ, ಕ್ರಿಯೆಯಿಂದ ಆರಂಭವಾಗುವ ಸೂಚನೆ, ಒಂದು ವಾಕ್ಯಕ್ಕೆ ಒಂದೇ ವಿಚಾರ ಎಂಬ ಶಿಸ್ತು ಬೇಕು. ಅಂಥ ಬರವಣಿಗೆ ಅಭ್ಯಾಸದಿಂದ ಬರುತ್ತದೆ. ಇನ್ನೊಂದೆಡೆ, ಎರಡೂ ಭಾಷೆಗಳಲ್ಲಿ ಕೆಲಸ ಮಾಡಬಲ್ಲವರು ಕಡಿಮೆ ಇರುವುದರಿಂದ, ಇಂಗ್ಲಿಷ್ ಪಾಠವನ್ನು ಕನ್ನಡಕ್ಕೆ ಒಗ್ಗಿಸುವ ಕೆಲಸದಲ್ಲಿ ಶಿಕ್ಷಕರ ಕೈ ಮೇಲಾಗಿಯೇ ಇರುತ್ತದೆ.

ಸಿದ್ಧಾಂತ ಎಷ್ಟು ಬೇಕು

ಬಿ.ಎಡ್ ಓದಿದವರಿಗೆ ಇಲ್ಲಿನ ಅರ್ಧದಷ್ಟು ಸಿದ್ಧಾಂತ ಪರಿಚಿತವೇ. 1956ರಲ್ಲಿ ಬ್ಲೂಮ್ ಮತ್ತು ಸಂಗಡಿಗರು ರೂಪಿಸಿ, 2001ರಲ್ಲಿ ಪರಿಷ್ಕರಣೆಗೊಂಡ ಬೋಧನಾ ಉದ್ದೇಶಗಳ ವರ್ಗೀಕರಣವನ್ನು ಪ್ರಶ್ನೆಪತ್ರಿಕೆಯ ನೀಲನಕ್ಷೆ ಮಾಡಿದ ಪ್ರತಿಯೊಬ್ಬ ಶಿಕ್ಷಕರೂ ಬಳಸಿದ್ದಾರೆ. ಆಡಿ (ADDIE) ಎಂದು ಸಂಕ್ಷೇಪವಾಗಿ ಕರೆಯುವ ಕ್ರಮ, ಅಂದರೆ ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ ಎಂಬ ಐದು ಹಂತಗಳು, 1975ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯ ಅಮೆರಿಕದ ಸೇನೆಗಾಗಿ ರೂಪಿಸಿದ ತರಬೇತಿ ವಿಧಾನದಿಂದ ಬಂದವು. ಇವತ್ತಿಗೂ ಸಂದರ್ಶನಗಳಲ್ಲಿ ಮೊದಲು ಕೇಳುವುದು ಇದನ್ನೇ. ಶಿಕ್ಷಣ ಮನಶ್ಶಾಸ್ತ್ರಜ್ಞ ರಾಬರ್ಟ್ ಗಾನ್ಯೆಯವರ ಬೋಧನೆಯ ಒಂಬತ್ತು ಘಟನೆಗಳನ್ನು, ಅಂದರೆ ಪಾಠದ ಒಂಬತ್ತು ಹೆಜ್ಜೆಗಳನ್ನು, ಓದಿದರೆ, ಪೂರ್ವಜ್ಞಾನ ಪರಿಶೀಲನೆಯಿಂದ ಆರಂಭಿಸಿ ಮನೆಗೆಲಸದಲ್ಲಿ ಮುಗಿಯುವ ನಮ್ಮ ಪಾಠ ಯೋಜನೆಯ ಹತ್ತಿರದ ನೆಂಟ ಅದೆಂದು ತಿಳಿಯುತ್ತದೆ.

ಹೊಸದಾಗಿ, ಮತ್ತು ಗಮನವಿಟ್ಟು, ಓದಬೇಕಾದದ್ದು ಎರಡು. ಒಂದು, ಶಿಕ್ಷಣ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ 1988ರಲ್ಲಿ ಮಂಡಿಸಿದ ಅರಿವಿನ ಹೊರೆಯ ಸಿದ್ಧಾಂತ. ಅದರ ಪ್ರಕಾರ ಮನಸ್ಸು ಒಂದು ಹೊತ್ತಿಗೆ ಕೆಲವೇ ಹೊಸ ಸಂಗತಿಗಳನ್ನು ಹಿಡಿದುಕೊಳ್ಳಬಲ್ಲುದಾದ್ದರಿಂದ, ಪಾಠಕ್ಕೆ ಬೇಡದ ಪ್ರತಿಯೊಂದು ಚಿತ್ರವೂ ವಾಕ್ಯವೂ ಕಲಿಕೆಗೆ ಅಡ್ಡಿ. ಎರಡು, ಚಿತ್ರ, ಧ್ವನಿ, ಪಠ್ಯಗಳನ್ನು ಹೇಗೆ ಜೋಡಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದರ ಬಗ್ಗೆ ರಿಚರ್ಡ್ ಮೇಯರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು. ತೆರೆಯ ಮೇಲಿನ ಚಿತ್ರವನ್ನು ಧ್ವನಿ ವಿವರಿಸುತ್ತಿರುವಾಗ ಅದೇ ಮಾತುಗಳನ್ನು ಉದ್ದಕ್ಕೂ ಅಕ್ಷರದಲ್ಲೂ ತೋರಿಸಿದರೆ ಕಲಿಕೆ ಸಾಮಾನ್ಯವಾಗಿ ಕುಗ್ಗುತ್ತದೆ ಎಂಬುದು ಅವುಗಳಿಂದ ತಿಳಿದ ಒಂದು ಸಂಗತಿ. ಪವರ್‌ಪಾಯಿಂಟ್ ಸ್ಲೈಡನ್ನು ಗಟ್ಟಿಯಾಗಿ ಓದಿ ಹೇಳುವ ರೂಢಿಯನ್ನು ಬಿಡಬೇಕಾದದ್ದು ಈ ಕಾರಣಕ್ಕೆ. ಕಿವಿ ಕೇಳಿಸದವರಿಗಾಗಿ ಬೇಕೆಂದಾಗ ತೆರೆದುಕೊಳ್ಳುವ ಅಡಿಬರಹಗಳನ್ನು ಕೊಡುವುದು ಬೇರೆ ವಿಚಾರ, ಅದು ಕಡ್ಡಾಯವಾಗಿ ಇರಬೇಕು.

ಒಂದು ಪಾಠವನ್ನು ಕಟ್ಟಿ ನೋಡುವುದು

ಸಿದ್ಧಾಂತವನ್ನು ಇಲ್ಲಿಗೆ ನಿಲ್ಲಿಸಿ, ಒಂದು ಪಾಠವನ್ನು ಕೈಯಾರೆ ಕಟ್ಟುವುದು ಒಳ್ಳೆಯದು. ಶಾಲೆಯ ಪಾಠವನ್ನೇ ಆರಿಸಿಕೊಳ್ಳುವ ಆಸೆ ಸಹಜವಾದರೂ, ವಯಸ್ಕರ ಕೆಲಸಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಹಿಡಿಯಬೇಕೆಂಬುದು ನನ್ನ ಸಲಹೆ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹೊಸದಾಗಿ ಸೇರಿದ ಹಾಲು ಪರೀಕ್ಷಕರಿಗೆ ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಬಳಕೆ ಕಲಿಸುವುದು ಎಂದಿಟ್ಟುಕೊಳ್ಳೋಣ. ಈಗ ಹಲವು ಸಂಘಗಳಲ್ಲಿ ವಿದ್ಯುನ್ಮಾನ ಯಂತ್ರಗಳು ಬಂದಿದ್ದರೂ, ಅಭ್ಯಾಸಕ್ಕೆ ಈ ಉದಾಹರಣೆ ತಕ್ಕುದಾಗಿದೆ.

ವಿಜ್ಞಾನ ಶಿಕ್ಷಕರ ಕೈಗೆ ಈ ವಿಷಯ ಕೊಟ್ಟರೆ ಸಾಂದ್ರತೆಯ ವ್ಯಾಖ್ಯೆ, ಆರ್ಕಿಮಿಡೀಸ್ ತತ್ವ, ಉಪಕರಣದ ಭಾಗಗಳು, ಉಪಯೋಗಗಳು ಎಂಬ ಕ್ರಮ ತಾನಾಗಿ ಬರುತ್ತದೆ. ಅದು ಪಠ್ಯಪುಸ್ತಕದ ಕ್ರಮ. ಪಾಠ ಕಟ್ಟುವವರು ಬೇರೆ ಕಡೆಯಿಂದ ಹೊರಡಬೇಕು. ಬೆಳಿಗ್ಗೆ ಕ್ಯಾನುಗಳ ಸಾಲು ನಿಂತಿರುವಾಗ ಆ ಪರೀಕ್ಷಕ ಏನನ್ನು ತೀರ್ಮಾನಿಸಬೇಕಾಗುತ್ತದೆ? ಈ ಹಾಲಿಗೆ ನೀರು ಬೆರೆತಿರಬಹುದೇ ಇಲ್ಲವೇ ಎಂಬುದನ್ನು. ಆ ತೀರ್ಮಾನ ಎಲ್ಲೆಲ್ಲಿ ತಪ್ಪುತ್ತದೆ? ಹಾಲಿನ ಉಷ್ಣತೆ ನೋಡದೆ ಓದಿದರೆ ತಪ್ಪುತ್ತದೆ, ಏಕೆಂದರೆ ತಣ್ಣನೆಯ ಹಾಲು ಹೆಚ್ಚು ಸಾಂದ್ರವಾಗಿದ್ದು ಉಪಕರಣದ ಓದು (ರೀಡಿಂಗ್) ಏರುತ್ತದೆ, ಬೆಚ್ಚನೆಯ ಹಾಲಿನಲ್ಲಿ ಇಳಿಯುತ್ತದೆ. ನೊರೆ ಇಳಿಯುವ ಮೊದಲೇ ಓದಿದರೆ, ಉಪಕರಣ ಜಾಡಿಯ ಗೋಡೆಗೆ ತಾಗಿದ್ದರೆ, ಕಣ್ಣಿನ ಮಟ್ಟದಲ್ಲಿ ನೋಡದಿದ್ದರೆ ತಪ್ಪುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು: ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ, ಎರಡನ್ನೂ ಮಾಡಿದ ಹಾಲು ಲ್ಯಾಕ್ಟೋಮೀಟರಿನಲ್ಲಿ ಅಪ್ಪಟವೆಂದೇ ತೋರಬಹುದು. ಹಾಗಾಗಿ ಕೊಬ್ಬಿನ ಪರೀಕ್ಷೆಯನ್ನೂ ಸೇರಿಸದೆ ತೀರ್ಪು ಕೊಡಬಾರದು. ಪಾಠವೆಂದರೆ ಈ ತಪ್ಪುಗಳ ಪಟ್ಟಿಯೇ. ಆರ್ಕಿಮಿಡೀಸ್ ಇಲ್ಲಿ ಬೇಡ. ಅವನನ್ನು ಕೈಬಿಡುವುದು ವಿಜ್ಞಾನ ಶಿಕ್ಷಕರಿಗೆ ಸಂಕಟದ ಕೆಲಸವೆಂದು ಬಲ್ಲೆ.

ಈಗ ಉದ್ದೇಶವನ್ನು ಬರೆಯಬೇಕು. ‘ಲ್ಯಾಕ್ಟೋಮೀಟರಿನ ಬಗ್ಗೆ ತಿಳಿಯುವರು’ ಎಂಬ ವಾಕ್ಯದಿಂದ ಏನನ್ನೂ ಅಳೆಯಲಾಗದು. ರಾಬರ್ಟ್ ಮೇಗರ್ 1962ರಲ್ಲಿ ಸೂಚಿಸಿದಂತೆ, ಕಲಿತವರು ಏನು ಮಾಡುತ್ತಾರೆ, ಯಾವ ಸನ್ನಿವೇಶದಲ್ಲಿ ಮಾಡುತ್ತಾರೆ, ಎಷ್ಟು ಸರಿಯಾಗಿ ಮಾಡಬೇಕು ಎಂಬ ಮೂರೂ ಅದರಲ್ಲಿರಬೇಕು. ‘ಹಾಲಿನ ಮಾದರಿ, ಲ್ಯಾಕ್ಟೋಮೀಟರ್, ಉಷ್ಣಮಾಪಕ ಮತ್ತು ತಿದ್ದುಪಡಿ ಪಟ್ಟಿ ಎದುರಿಗಿದ್ದಾಗ, ಉಷ್ಣತೆಗೆ ತಕ್ಕಂತೆ ತಿದ್ದಿದ ಓದನ್ನು ಐದು ಮಾದರಿಗಳಿಗೂ ತಪ್ಪಿಲ್ಲದೆ ದಾಖಲಿಸುವರು’ ಎಂದು ಬರೆದ ಕೂಡಲೇ ಪರೀಕ್ಷೆ ಹೇಗಿರಬೇಕು, ಅಭ್ಯಾಸ ಎಷ್ಟು ಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಮೊದಲು ಪರೀಕ್ಷೆಯನ್ನು ಬರೆದು, ಆಮೇಲೆ ಅಭ್ಯಾಸವನ್ನು, ಕೊನೆಯಲ್ಲಿ ವಿವರಣೆಯನ್ನು ಬರೆಯುವ ಕ್ರಮ ಶಿಕ್ಷಕರಿಗೆ ತಲೆಕೆಳಗಾಗಿ ಕಾಣಬಹುದು, ಆದರೆ ಬೇಡದ ವಿವರಣೆಯನ್ನು ದೂರವಿಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ನಂತರ ಸ್ಟೋರಿಬೋರ್ಡ್, ಅಂದರೆ ಪಾಠ ತೆರೆತೆರೆಯಾಗಿ ಹೇಗೆ ಸಾಗುತ್ತದೆಂಬ ಲಿಖಿತ ಯೋಜನೆ. ವರ್ಡ್‌ನಲ್ಲಿ ಒಂದು ಕೋಷ್ಟಕ ಮಾಡಿ, ತೆರೆಯ ಸಂಖ್ಯೆ, ತೆರೆಯ ಮೇಲಿನ ಪಠ್ಯ, ಕೇಳಿಸುವ ಧ್ವನಿ, ಚಿತ್ರ, ಕಲಿಯುವವರು ಮಾಡಬೇಕಾದದ್ದು, ತಯಾರಿಸುವವರಿಗೆ ಸೂಚನೆ ಎಂಬ ಅಂಕಣಗಳನ್ನು ಹಾಕಬೇಕು. ಮೊದಲ ತೆರೆಯಲ್ಲಿ ಸ್ವಾಗತವನ್ನೋ ಉದ್ದೇಶಗಳ ಪಟ್ಟಿಯನ್ನೋ ಇಡುವ ಬದಲು ಒಂದು ಸಂದರ್ಭವನ್ನಿಡಿ: ಡಿಸೆಂಬರ್ ತಿಂಗಳ ನಸುಕಿನಲ್ಲಿ, ಹಿಂದಿನ ಸಂಜೆ ಕರೆದು ತಣ್ಣಗೆ ಇಟ್ಟಿದ್ದ ಹಾಲು ಬಂದಿದೆ, ಓದು ಸರಿಯಾಗಿಯೇ ಇದೆ, ಒಪ್ಪಿಕೊಳ್ಳುವಿರಾ? ಒಪ್ಪಿಕೊಂಡವರಿಗೆ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂಬ ಒಣ ಸಂದೇಶ ಸಾಲದು. ಉಷ್ಣತೆ ತಿದ್ದಿದ ಮೇಲೆ ಅದೇ ಓದು ಎಷ್ಟಕ್ಕೆ ಇಳಿಯಿತೆಂಬುದನ್ನು ತೋರಿಸಿ, ಆ ಹೊತ್ತಿಗೇ ತಿದ್ದುಪಡಿಯ ವಿಧಾನವನ್ನು ಕಲಿಸಬೇಕು. ಕಲಿಯುವವರ ತಪ್ಪೇ ವಿವರಣೆಗೆ ದಾರಿಯಾಗಬೇಕು.

ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಶಿಕ್ಷಕರ ಅನುಭವ ಇನ್ನೂ ನೇರವಾಗಿ ಕೆಲಸಕ್ಕೆ ಬರುತ್ತದೆ. ನಾಲ್ಕನೆಯ ಒಂದು, ಮೂರನೆಯ ಒಂದಕ್ಕಿಂತ ದೊಡ್ಡದೆಂದು ಮಗು ಹೇಳುವುದು ನಾಲ್ಕು ಮೂರಕ್ಕಿಂತ ದೊಡ್ಡದೆಂಬ ಕಾರಣಕ್ಕೆ, 0.35ನ್ನು 0.5ಕ್ಕಿಂತ ದೊಡ್ಡದೆನ್ನುವುದು ಮೂವತ್ತೈದು ಐದಕ್ಕಿಂತ ದೊಡ್ಡದೆಂಬ ಕಾರಣಕ್ಕೆ. ಉತ್ತರ ಪತ್ರಿಕೆಗಳ ಕಟ್ಟುಗಳನ್ನು ತಿದ್ದಿದವರಿಗೆ ಇಂಥ ತಪ್ಪುಗಳ ಹಿಂದಿನ ತರ್ಕ ಬಾಯಿಪಾಠವಾಗಿರುತ್ತದೆ. ಪ್ರತಿಯೊಂದು ತಪ್ಪು ಆಯ್ಕೆಯೂ ಇಂಥ ಒಂದು ನಿಜವಾದ ತರ್ಕದಿಂದ ಹುಟ್ಟಿರಬೇಕು, ಮತ್ತು ಅದನ್ನು ಆರಿಸಿದವರಿಗೆ ಆ ತರ್ಕ ಎಲ್ಲಿ ಮುರಿಯುತ್ತದೆಂದು ತೋರಿಸುವ ಪ್ರತಿಕ್ರಿಯೆ ಇರಬೇಕು. ‘ಮೇಲಿನ ಎಲ್ಲವೂ’ ಎಂದು ಬರೆದು ನಾಲ್ಕನೆಯ ಆಯ್ಕೆಯನ್ನು ತುಂಬಿಸುವುದನ್ನು ಪ್ರಶ್ನೆಪತ್ರಿಕೆಗಳಿಗೇ ಬಿಟ್ಟುಬರಬೇಕು.

ಸಾಧನಗಳು, ಮತ್ತು ಕನ್ನಡದ ಅಕ್ಷರ

ಕೋರ್ಸು ಕಟ್ಟುವ ತಂತ್ರಾಂಶ ಸಾಧನಗಳ ಬಗ್ಗೆ ಹೊಸಬರು ಅಗತ್ಯಕ್ಕಿಂತ ಹೆಚ್ಚು ಚಿಂತಿಸುತ್ತಾರೆ. ಉದ್ಯಮದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆರ್ಟಿಕ್ಯುಲೇಟ್ ಕಂಪನಿಯ ಸ್ಟೋರಿಲೈನ್ ಮತ್ತು ರೈಸ್. ಅಡೋಬಿ ಕ್ಯಾಪ್ಟಿವೇಟ್, ಐಸ್ಪ್ರಿಂಗ್ ಕೂಡ ಇವೆ. ಸ್ಟೋರಿಲೈನ್ ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ, ಚಂದಾ ದುಬಾರಿ, ಆದರೆ ಪ್ರಯೋಗಕ್ಕೆ 30 ದಿನಗಳ ಉಚಿತ ಅವಧಿ ದೊರೆಯುತ್ತದೆ. ಸ್ಟೋರಿಬೋರ್ಡ್ ಪೂರ್ತಿ ಸಿದ್ಧವಾದ ಮೇಲೆಯೇ ಆ ಅವಧಿಯನ್ನು ಆರಂಭಿಸಿ, ಇಲ್ಲವಾದರೆ ಅದು ಬಟನ್‌ಗಳನ್ನು ಒತ್ತಿ ನೋಡುವುದರಲ್ಲೇ ಕಳೆದುಹೋಗುತ್ತದೆ. ಹಣ ಖರ್ಚಿಲ್ಲದೆ ಅಭ್ಯಾಸ ಮಾಡಲು ಎಚ್‌ಫೈವ್‌ಪಿ ಎಂಬ ಮುಕ್ತ ಸಾಧನವಿದೆ, ಕೋರ್ಸನ್ನು ಕಲಿಯುವವರಿಗೆ ತಲುಪಿಸಿ ಅವರ ಪ್ರಗತಿಯನ್ನು ದಾಖಲಿಸುವ ಮೂಡಲ್ ಎಂಬ ಮುಕ್ತ ಕಲಿಕಾ ನಿರ್ವಹಣಾ ವ್ಯವಸ್ಥೆಯಿದೆ, ಧ್ವನಿಗೆ ಆಡಾಸಿಟಿ, ತೆರೆಯ ಚಿತ್ರೀಕರಣಕ್ಕೆ ಒಬಿಎಸ್ ಸ್ಟುಡಿಯೋ ಇವೆ. ಕೋರ್ಸನ್ನು, ಬೇರೆ ಬೇರೆ ವ್ಯವಸ್ಥೆಗಳಲ್ಲಿ ನಡೆಯುವಂತೆ ಮಾಡುವ ಸ್ಕಾರ್ಮ್ ಎಂಬ ಮಾನಕದಲ್ಲಿ ಕಟ್ಟಿ ಕಲಿಕಾ ನಿರ್ವಹಣಾ ವ್ಯವಸ್ಥೆಗೆ ಏರಿಸುವುದನ್ನು ಒಮ್ಮೆಯಾದರೂ ಮಾಡಿ ನೋಡಬೇಕು. ಕೃತಕ ಬುದ್ಧಿಮತ್ತೆಯ ಸಾಧನಗಳು ಕರಡು ಪಠ್ಯವನ್ನು ಕ್ಷಣದಲ್ಲಿ ಬರೆದುಕೊಡುತ್ತವೆ, ಹಾಗಾಗಿ ಕೇವಲ ಅಚ್ಚುಕಟ್ಟಾಗಿ ಬರೆಯುವವರ ಬೆಲೆ ತಗ್ಗುತ್ತಿದೆ. ಆ ಕರಡಿನಲ್ಲಿ ಕಲಿಯುವವರು ಎಲ್ಲಿ ಎಡವುತ್ತಾರೆಂದು ಗುರುತಿಸಬಲ್ಲವರ ಬೆಲೆ ತಗ್ಗಿಲ್ಲ.

ಕನ್ನಡದಲ್ಲಿ ಪಾಠ ಕಟ್ಟುವವರು ಅಕ್ಷರಗಳ ವಿಷಯದಲ್ಲಿ ಮೊದಲಿಂದಲೇ ಜಾಗ್ರತೆ ವಹಿಸಬೇಕು. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಯಾವ ಸಾಧನಕ್ಕೂ ಹಾಕಬಾರದು, ಪರಿವರ್ತಿಸಿದ ಮೇಲೆಯೂ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಸಾಲು ಸಾಲಾಗಿ ತಿದ್ದಬೇಕು. ಅಕ್ಷರಗಳು ಒಂದೊಂದಾಗಿ ಮೂಡಿಬರುವ ಅನಿಮೇಷನ್ ಹಾಕಿದರೆ ಕೆಲವು ಸಾಧನಗಳಲ್ಲಿ ಒತ್ತಕ್ಷರಗಳು ಮೂಲ ಅಕ್ಷರದಿಂದ ಬೇರ್ಪಟ್ಟು ಕಾಣುತ್ತವೆ. ಪದಪದವಾಗಿಯೋ ಸಾಲಾಗಿಯೋ ಮೂಡಿಸುವುದು ಕ್ಷೇಮ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಗುಡಿಸುಗಳಿಗೆ ತಾಗುತ್ತವೆ. ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು ಕಡಿಮೆ ಬೆಲೆಯ ಫೋನಿನಲ್ಲೂ ಹಾಗೆಯೇ ಕಾಣುತ್ತದೆಂದು ನಂಬದೆ, ಅಂಥ ಫೋನೊಂದರಲ್ಲಿ ಇಡೀ ಪಾಠವನ್ನು ಒಮ್ಮೆ ನಡೆಸಿ ನೋಡಬೇಕು.

ಕೆಲಸದ ಮಾದರಿಗಳು, ಅರ್ಜಿ, ಸಂದರ್ಶನ

ಈ ವೃತ್ತಿಯಲ್ಲಿ ಪ್ರಮಾಣಪತ್ರಕ್ಕಿಂತ ಮಾಡಿದ ಕೆಲಸದ ಮಾದರಿಗೆ ಹೆಚ್ಚು ತೂಕ. ದುಬಾರಿ ಡಿಪ್ಲೊಮಾಕ್ಕೆ ಹಣ ಕಟ್ಟುವ ಮೊದಲು ಎರಡು ಮೂರು ಮಾದರಿಗಳನ್ನು ಸ್ವಂತವಾಗಿ ಮಾಡಿ ನೋಡಿ. ಅವುಗಳನ್ನು ಮಾಡುವಾಗ ಈ ಕೆಲಸ ಹಿಡಿಸುತ್ತದೆಯೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ. ಹಾಲು ಪರೀಕ್ಷಕರ ಪಾಠದಂಥದ್ದು ಒಂದು, ಶಾಲಾ ಮಕ್ಕಳ ಒಂದು ತಪ್ಪು ಕಲ್ಪನೆಯನ್ನು ತಿದ್ದುವ ಪುಟ್ಟ ಪಾಠ ಇನ್ನೊಂದು, ಆನ್‌ಲೈನಿನಲ್ಲಿ ನಡೆಯದೆ ಎದುರುಬದುರು ನಡೆಯುವ ಕಾರ್ಯಾಗಾರದ ತರಬೇತುದಾರರ ಕೈಪಿಡಿ ಮತ್ತೊಂದು. ಈ ಮೂರು ಇದ್ದರೆ ಆರಂಭಕ್ಕೆ ಸಾಕು. ಪ್ರತಿಯೊಂದರ ಜೊತೆಗೂ ಒಂದು ಪುಟದ ಟಿಪ್ಪಣಿ ಇರಲಿ: ಕಲಿಯುವವರು ಯಾರು, ಅವರ ತೊಂದರೆ ಏನು, ಏನನ್ನು ಬಿಟ್ಟೆ, ಏಕೆ ಬಿಟ್ಟೆ, ಯಾರ ಮೇಲೆ ಪ್ರಯೋಗಿಸಿ ಏನನ್ನು ಬದಲಾಯಿಸಿದೆ. ನೇಮಕ ಮಾಡುವವರು ಬಣ್ಣದ ತೆರೆಗಳಿಗಿಂತ ಈ ಪುಟವನ್ನೇ ಎಚ್ಚರದಿಂದ ಓದುತ್ತಾರೆ.

ಮಾದರಿಗಳಲ್ಲಿ ಬೇರೆಯವರ ಹಕ್ಕಿನ ಚಿತ್ರಗಳನ್ನು ಬಳಸಬಾರದು. ತರಗತಿಯಲ್ಲಿ ಗೂಗಲ್‌ನಿಂದ ಚಿತ್ರ ತೆಗೆದು ತೋರಿಸುವುದಕ್ಕೂ, ಅದನ್ನೇ ಪ್ರಕಟಿತ ಕೋರ್ಸಿನಲ್ಲಿ ಹಾಕುವುದಕ್ಕೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವಿದೆ. ಮುಕ್ತ ಪರವಾನಗಿಯ ಸಾಮಗ್ರಿಯನ್ನು ಬಳಸಿ, ಪರವಾನಗಿ ಕೇಳುವಂತೆ ಮೂಲವನ್ನು ನಮೂದಿಸಬೇಕು. ಶಾಲೆಯ ಕೆಲಸದ ಭಾಗವಾಗಿ ತಯಾರಿಸಿದ ಪಾಠಗಳ ಹಕ್ಕು ಶಾಲೆಯದ್ದಾಗಿರಬಹುದು, ಮಕ್ಕಳ ಮುಖ ಮತ್ತು ಹೆಸರುಗಳನ್ನಂತೂ ಯಾವ ಮಾದರಿಯಲ್ಲೂ ತೋರಿಸಬಾರದು.

ಅರ್ಜಿಯಲ್ಲಿ ಶಾಲೆಯ ಭಾಷೆಯನ್ನು ಹೊರಗಿನವರಿಗೆ ತಿಳಿಯುವಂತೆ ಬದಲಾಯಿಸಬೇಕು. ‘ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ಗಣಿತ ಬೋಧನೆ’ ಎಂಬ ಸಾಲು ನೇಮಕ ಮಾಡುವವರಿಗೆ ಹೆಚ್ಚೇನನ್ನೂ ಹೇಳುವುದಿಲ್ಲ. ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ನೋಡಿ ಹಿಂದುಳಿದವರನ್ನು ಗುರುತಿಸಿ, ಅವರಿಗಾಗಿ ಪರಿಹಾರ ಬೋಧನೆಯ ಹಾಳೆಗಳನ್ನು ತಯಾರಿಸಿ, ಫಲಿತಾಂಶವನ್ನು ಮತ್ತೆ ಅಳೆದದ್ದನ್ನು ಬರೆದರೆ, ಅದು ಅಗತ್ಯ ವಿಶ್ಲೇಷಣೆ, ವಿನ್ಯಾಸ, ಮೌಲ್ಯಮಾಪನ ಮೂರನ್ನೂ ಹೇಳಿದಂತಾಗುತ್ತದೆ. ನೀಲನಕ್ಷೆಗೆ ತಕ್ಕಂತೆ ಪ್ರಶ್ನೆಪತ್ರಿಕೆ ತಯಾರಿಸಿದ್ದು, ಹೊಸ ಶಿಕ್ಷಕರಿಗೆ ತರಬೇತಿ ಕೊಟ್ಟದ್ದು, ಬೋಧನೋಪಕರಣ ತಯಾರಿಸಿದ್ದು ಇವೆಲ್ಲವೂ ಹಾಗೆಯೇ. ಮಾಡದೇ ಇದ್ದದ್ದನ್ನು ಸೇರಿಸುವ ಅಗತ್ಯವೇ ಬೀಳುವುದಿಲ್ಲ, ಅಷ್ಟು ಕೆಲಸವನ್ನು ಶಿಕ್ಷಕರು ಮಾಡಿರುತ್ತಾರೆ.

ಸಂದರ್ಶನಕ್ಕೆ ಮೊದಲು ಬಹುತೇಕ ಕಡೆ ಒಂದು ಪರೀಕ್ಷಾ ಕೆಲಸ ಕೊಡುತ್ತಾರೆ. ಕೆಲವು ಪುಟಗಳ ಒಣ ದಾಖಲೆಯೊಂದನ್ನು ಕಳುಹಿಸಿ, ಒಂದೆರಡು ದಿನಗಳಲ್ಲಿ ಅದಕ್ಕೆ ಸ್ಟೋರಿಬೋರ್ಡ್ ಬರೆಯಲು ಹೇಳುವುದು ರೂಢಿ. ದಾಖಲೆಯಲ್ಲಿರುವುದನ್ನೆಲ್ಲ ತೆರೆಗಳಿಗೆ ಹಂಚುವುದೇ ಇಲ್ಲಿ ಹೊಸಬರ ಸಾಮಾನ್ಯ ದೋಷ. ಏನನ್ನು ಬಿಟ್ಟಿರಿ ಎಂಬುದನ್ನೇ ಪರೀಕ್ಷಕರು ನೋಡುತ್ತಾರೆ. ಕಲಿಯುವವರು ಯಾರೆಂದು ದಾಖಲೆಯಲ್ಲಿ ಹೇಳಿರದಿದ್ದರೆ ಪ್ರಶ್ನೆ ಕೇಳಿ, ಉತ್ತರ ಬಾರದಿದ್ದರೆ ನಿಮ್ಮ ಊಹೆಯನ್ನು ಮೊದಲ ಪುಟದಲ್ಲಿ ಬರೆಯಿರಿ. ಆದರೆ ಪೂರ್ತಿ ಕೋರ್ಸನ್ನೇ ಪುಕ್ಕಟೆಯಾಗಿ ಮಾಡಿಕೊಡಿ ಎಂದು ಕೇಳುವವರಿಗೆ ಒಂದು ಭಾಗವನ್ನು ಮಾತ್ರ ಕೊಟ್ಟು ನಿಲ್ಲಿಸುವುದು ವಿವೇಕ. ಬೋಧನೆಯನ್ನು ಏಕೆ ಬಿಡುತ್ತಿದ್ದೀರಿ ಎಂಬ ಪ್ರಶ್ನೆಗೆ ಆಡಳಿತ ಮಂಡಳಿಯ ದೂರುಗಳನ್ನು ಬಿಚ್ಚದೆ, ಪಾಠ ಕಟ್ಟುವ ಕೆಲಸದ ಯಾವ ಭಾಗ ನಿಮ್ಮನ್ನು ಸೆಳೆಯಿತೆಂಬುದನ್ನು ಹೇಳಿದರೆ ಸಾಕು. ಸಂಬಳದ ಮಾತಿನಲ್ಲಿ ಒಂದು ಸಂಗತಿಗೆ ಸಿದ್ಧರಾಗಿರಬೇಕು: ಹದಿನೈದು ವರ್ಷದ ಬೋಧನಾನುಭವವನ್ನು ಇಲ್ಲಿ ಪೂರ್ತಿಯಾಗಿ ಎಣಿಸುವುದಿಲ್ಲ, ಮೊದಲ ಹುದ್ದೆ ಕಿರಿಯರ ಹುದ್ದೆಯಾಗಿರುವುದೇ ಹೆಚ್ಚು.

ಶಾಲೆ ಬಿಡುವಾಗ

ಖಾಸಗಿ ಶಾಲೆಯವರು ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿಯನ್ನು ಮೊದಲು ಓದಬೇಕು. ಹಲವು ಶಾಲೆಗಳು ವರ್ಷದ ನಡುವೆ ಬಿಡಲು ಒಪ್ಪುವುದಿಲ್ಲ, ಮಕ್ಕಳ ದೃಷ್ಟಿಯಿಂದಲೂ ವಾರ್ಷಿಕ ಪರೀಕ್ಷೆಗಳು ಮುಗಿದ ಮೇಲೆ ಹೊರಡುವುದೇ ಸರಿ. ಹೀಗಾಗಿ ಜೂನ್‌ನಿಂದ ಮಾದರಿಗಳನ್ನು ಕಟ್ಟಲು ಆರಂಭಿಸಿ, ಜನವರಿಯಿಂದ ಅರ್ಜಿ ಹಾಕಿ, ಬೇಸಿಗೆ ರಜೆಯಲ್ಲಿ ಹೊಸ ಕೆಲಸಕ್ಕೆ ಸೇರುವಂತೆ ಯೋಜಿಸಿಕೊಳ್ಳುವುದು ಅನುಕೂಲ. ಉಪದಾನದ, ಅಂದರೆ ಗ್ರಾಚ್ಯುಟಿಯ, ವಿಷಯ ಹಲವರಿಗೆ ತಿಳಿದಿಲ್ಲ. ಉಪದಾನ ಪಾವತಿ ಕಾಯಿದೆಗೆ 2009ರಲ್ಲಿ ಆದ ತಿದ್ದುಪಡಿ ಖಾಸಗಿ ಶಾಲೆಗಳ ಶಿಕ್ಷಕರನ್ನೂ 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ ಅದರ ವ್ಯಾಪ್ತಿಗೆ ತಂದಿತು, ಸುಪ್ರೀಂ ಕೋರ್ಟ್ 2022ರಲ್ಲಿ ಅದನ್ನು ಎತ್ತಿಹಿಡಿಯಿತು. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕಾಗುವುದರಿಂದ, ಆ ಗಡಿಗೆ ಕೆಲವೇ ತಿಂಗಳು ಉಳಿದಿರುವವರು ರಾಜೀನಾಮೆಯ ದಿನಾಂಕವನ್ನು ಲೆಕ್ಕ ಹಾಕಿಯೇ ಬರೆಯಬೇಕು. ಭವಿಷ್ಯನಿಧಿಯನ್ನು ಹಿಂಪಡೆಯದೆ ಹೊಸ ಸಂಸ್ಥೆಯ ಖಾತೆಗೆ ವರ್ಗಾಯಿಸಿಕೊಳ್ಳುವುದು ಒಳಿತು.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಶಿಕ್ಷಕರ ಲೆಕ್ಕವೇ ಬೇರೆ. ಸರ್ಕಾರಿ ನೌಕರರ ನಡತೆ ನಿಯಮಗಳ ಪ್ರಕಾರ ಅನುಮತಿ ಇಲ್ಲದೆ ಖಾಸಗಿ ಉದ್ಯೋಗ ಕೈಗೊಳ್ಳುವಂತಿಲ್ಲವಾದ್ದರಿಂದ, ರಾತ್ರಿ ಹೊತ್ತು ಹಣ ಪಡೆದು ಕೋರ್ಸು ಬರೆದುಕೊಡುವ ಯೋಚನೆ ಅಪಾಯಕಾರಿ. ನನ್ನ ಅಭಿಪ್ರಾಯದಲ್ಲಿ ಅವರು ಕೆಲಸ ಬಿಡುವ ಮೊದಲು, ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ, ಡಯಟ್, ಪಠ್ಯಪುಸ್ತಕ ಸಂಘಗಳ ಸಾಹಿತ್ಯ ರಚನಾ ಕಾರ್ಯಾಗಾರಗಳಲ್ಲಿ, ದೀಕ್ಷಾಕ್ಕಾಗಿ ಪಾಠ ತಯಾರಿಸುವ ತಂಡಗಳಲ್ಲಿ ಜಾಗ ಹುಡುಕಬೇಕು. ಕಾಯಂ ನೌಕರಿ, ನಿಯತ ಸಂಬಳ ಉಳಿಸಿಕೊಂಡೇ ಇದೇ ಕೆಲಸವನ್ನು ಮಾಡುವ ಅವಕಾಶ ಅಲ್ಲಿದೆ, ಮತ್ತು ಅಲ್ಲಿ ತಯಾರಾದ ಪಾಠ ರಾಜ್ಯದ ಎಲ್ಲ ಮೂಲೆಗಳ ಮಕ್ಕಳನ್ನು ತಲುಪುತ್ತದೆ.

ಮೊದಲ ತಿಂಗಳುಗಳು

ಹೊಸ ಕೆಲಸಕ್ಕೆ ಸೇರಿದ ಮೇಲೆ ಮೊದಲು ಕಾಡುವುದು ಪರಿಶೀಲಕರ ಟಿಪ್ಪಣಿಗಳು. ತರಗತಿಯ ಬಾಗಿಲು ಹಾಕಿಕೊಂಡ ಮೇಲೆ ಶಿಕ್ಷಕರ ಮಾತಿಗೆ ಎದುರಿಲ್ಲ. ಇಲ್ಲಿ ಒಂದೊಂದು ವಾಕ್ಯದ ಮೇಲೂ ಮೂವರ ಅಭಿಪ್ರಾಯ ಬಂದು ಕೂರುತ್ತದೆ, ಅವುಗಳಲ್ಲಿ ಎರಡು ಪರಸ್ಪರ ವಿರುದ್ಧವಾಗಿರುತ್ತವೆ. ಯಾವ ಟಿಪ್ಪಣಿಯನ್ನು ಒಪ್ಪಿದಿರಿ, ಯಾವುದನ್ನು ಯಾವ ಕಾರಣಕ್ಕೆ ಬಿಟ್ಟಿರಿ ಎಂದು ಅಲ್ಲಲ್ಲೇ ಬರೆದಿಡುವ ಅಭ್ಯಾಸ ಬಹಳ ಜಗಳಗಳನ್ನು ತಪ್ಪಿಸುತ್ತದೆ. ವಿಷಯ ತಜ್ಞರಿಂದ ಮಾಹಿತಿ ಪಡೆಯುವುದೂ ಒಂದು ವಿದ್ಯೆಯೇ. ‘ಈ ವಿಷಯವನ್ನು ವಿವರಿಸಿ’ ಎಂದರೆ ಅವರು ಇನ್ನೂರು ಸ್ಲೈಡುಗಳನ್ನು ಕಳುಹಿಸುತ್ತಾರೆ. ‘ಹೊಸಬರು ಕಳೆದ ತಿಂಗಳು ಮಾಡಿದ, ನಿಮಗೆ ನಷ್ಟ ತಂದ ತಪ್ಪು ಯಾವುದು’ ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಪಾಠದ ತಿರುಳು ಸಿಗುತ್ತದೆ. ಅವರು ಕಾರ್ಯನಿರತರು, ನಿಮ್ಮ ವಿದ್ಯಾರ್ಥಿಗಳಲ್ಲ, ಆದ್ದರಿಂದ ಪ್ರಶ್ನೆಗಳನ್ನು ಮೊದಲೇ ಬರೆದು ಕಳುಹಿಸಿ ಆಮೇಲೆ ಸಮಯ ಕೇಳಬೇಕು.

ಗಂಟೆಗಳ ಲೆಕ್ಕ ಇಡುವುದನ್ನೂ ಕಲಿಯಬೇಕಾಗುತ್ತದೆ, ಏಕೆಂದರೆ ಮುಂದಿನ ಕೋರ್ಸಿಗೆ ಎಷ್ಟು ದಿನ ಬೇಕೆಂದು ಕೇಳಿದಾಗ ಊಹೆಯಿಂದ ಹೇಳಿದವರು ರಾತ್ರಿಯೆಲ್ಲ ಕುಳಿತು ಆ ಊಹೆಯನ್ನು ನಿಜ ಮಾಡಬೇಕಾಗುತ್ತದೆ. ಇನ್ನು, ಕೋರ್ಸು ಕೈಬಿಟ್ಟು ಹೋದ ಮೇಲೆ ಅದು ಕೆಲಸ ಮಾಡಿತೇ ಎಂಬುದನ್ನು ತಿಳಿಯುವ ಪ್ರಯತ್ನವನ್ನು ಬಿಡಬಾರದು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಸೂಚಿಸಿದ ನಾಲ್ಕು ಹಂತಗಳ ಪ್ರಕಾರ ಕಲಿಯುವವರಿಗೆ ಪಾಠ ಹಿಡಿಸಿತೇ, ಅವರು ಕಲಿತರೇ, ಕೆಲಸದಲ್ಲಿ ಅದನ್ನು ಬಳಸಿದರೇ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ ಎಂದು ನೋಡಬೇಕು. ಹೆಚ್ಚಿನ ಕಡೆ ಮೊದಲ ಹಂತದ ನಗುಮುಖದ ಚಿತ್ರಗಳನ್ನು ಎಣಿಸಿ ಕಡತ ಮುಚ್ಚುತ್ತಾರೆ. ಯಾವ ಪ್ರಶ್ನೆಯಲ್ಲಿ ಹೆಚ್ಚು ಜನ ತಪ್ಪಿದರು, ಯಾವ ತೆರೆಯಲ್ಲಿ ಪಾಠವನ್ನು ಬಿಟ್ಟು ಹೋದರು ಎಂಬ ಅಂಕಿಅಂಶಗಳು ಕಲಿಕಾ ನಿರ್ವಹಣಾ ವ್ಯವಸ್ಥೆಯಲ್ಲಿಯೇ ಸಿಗುವುದುಂಟು. ಅವನ್ನು ಕೇಳಿ ತರಿಸಿಕೊಳ್ಳಿ. ಸಾಧ್ಯವಾದರೆ ಕಲಿತವರಲ್ಲಿ ಇಬ್ಬರಿಗೆ ಫೋನ್ ಮಾಡಿ, ಅವರು ಪಾಠವನ್ನು ತೆರೆದು ಮುಂದೆ ಸಾಗುತ್ತಿರುವಾಗ ನೀವು ಸುಮ್ಮನೆ ಕೇಳಿಸಿಕೊಳ್ಳುತ್ತ, ಎಲ್ಲಿ ತಡೆದರೆಂಬುದನ್ನು ಗುರುತು ಹಾಕಿಕೊಂಡು, ಅಲ್ಲಿನ ತೆರೆಗಳನ್ನು ಮುಂದಿನ ಆವೃತ್ತಿಯಲ್ಲಿ ತಿದ್ದಬೇಕು.